ಕಲ್ಲು, ಕಂಠ, ಕಾವ್ಯ: ಪ್ಯಾರಿಸಿನ ಮರಿಯಮ್ಮನವರ ಪ್ರಧಾನಾಲಯ

ಒಂದು ದೇವಾಲಯಕ್ಕೆ ನೂರು ವರ್ಷ ತುಂಬಿತೆಂದರೆ ನಾವು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಟ್ಟಡವನ್ನು. ಅಸ್ತಿಭಾರ ಶಿಲೆಯನ್ನಿಟ್ಟ ವರ್ಷ, ಗೋಪುರ ಮುಗಿದ ವರ್ಷ, ಗಂಟೆಯನ್ನು ತಂದು ತೂಗುಹಾಕಿದ ವರ್ಷ ಇವೆಲ್ಲ ಸ್ಮರಣ ಸಂಚಿಕೆಯ ಪುಟಗಳಲ್ಲಿ ಕ್ರಮವಾಗಿ ದಾಖಲಾಗುತ್ತವೆ. ಅದು ಯೋಗ್ಯವೇ ಸರಿ. ಆದರೆ ಆ ಗೋಡೆಗಳ ನಡುವೆ ಹಾಡಿದವರು ಯಾರು, ಹಾಡಿದ್ದು ಏನನ್ನು, ಆ ದೇವಾಲಯವನ್ನು ಕುರಿತು ಬರೆದವರು ಯಾರು ಎಂಬ ಲೆಕ್ಕ ಮಾತ್ರ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಕಲ್ಲು ನಿಲ್ಲುವಂಥದು, ಹಾಡು ಗಾಳಿಯಲ್ಲಿ ಕರಗುವಂಥದು, ಕಾಗದ ಗೆದ್ದಲಿನ ಪಾಲಾಗುವಂಥದು ಎಂಬ ಎಣಿಕೆ ನಮ್ಮ ಮನಸ್ಸಿನಲ್ಲಿ ಬೇರೂರಿರುವುದೇ ಇದಕ್ಕೆ ಕಾರಣವಿರಬೇಕು.

ಈ ಎಣಿಕೆ ಎಷ್ಟರಮಟ್ಟಿಗೆ ನಿಜ? ವಾಸ್ತುಶಿಲ್ಪ, ಸಂಗೀತ, ಸಾಹಿತ್ಯ ಈ ಮೂರರ ಪರಸ್ಪರ ಸಂಬಂಧವನ್ನು ಕುರಿತು ವಿದ್ವಾಂಸರು ಬಹಳವಾಗಿ ಬರೆದಿದ್ದಾರೆ. ಸಾಮಾನ್ಯ ಸೂತ್ರಗಳ ಗೊಡವೆಗೆ ಹೋಗದೆ ಒಂದೇ ದೇವಾಲಯದ ಚರಿತ್ರೆಯನ್ನು ಹಿಡಿದು ನೋಡುವುದು ಲೇಸೆಂದು ನಮಗೆ ತೋರುತ್ತದೆ. ಆ ದೇವಾಲಯವು ಫ್ರಾನ್ಸ್ ದೇಶದ ರಾಜಧಾನಿಯಾದ ಪ್ಯಾರಿಸಿನಲ್ಲಿ, ಸೇನ್ ನದಿಯ ನಡುವಣ ದ್ವೀಪದ ಮೇಲೆ ನಿಂತಿರುವ ನೋತ್ರ್ ದಾಮ್. 'ನಮ್ಮ ಒಡತಿ' ಎಂಬುದು ಆ ಹೆಸರಿನ ಅರ್ಥ. ಮಾತೆ ಮರಿಯಮ್ಮನವರಿಗೆ ಸಮರ್ಪಿತವಾದ ಈ ಪ್ರಧಾನಾಲಯದ ಎಂಟೂವರೆ ಶತಮಾನಗಳ ಬಾಳಿನಲ್ಲಿ ಕಲ್ಲು, ಕಂಠ, ಕಾವ್ಯಗಳು ಒಂದನ್ನೊಂದು ಬೆಳೆಸಿದ, ಒಂದನ್ನೊಂದು ಉಳಿಸಿದ ಬಗೆಯನ್ನು ನಮ್ಮ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಟ್ಟಿದವರು

ಪ್ಯಾರಿಸಿನ ಉತ್ತರಕ್ಕಿರುವ ಸಂತ ದೆನಿಸರ ಮಠದ ದೇವಾಲಯದಲ್ಲಿ 1144ರಲ್ಲಿ ಹೊಸ ಗರ್ಭಾಂಗಣವೊಂದು ಪ್ರತಿಷ್ಠೆಗೊಂಡಿತು. ಚೂಪಾದ ಕಮಾನು, ಪಕ್ಕೆಲುಬಿನಂತೆ ಹಾಯ್ದ ಕಲ್ಲಿನ ಏಣುಗಳ ಮೇಲೆ ನಿಂತ ಚಾವಣಿ, ಬಣ್ಣದ ಗಾಜಿನ ವಿಶಾಲ ಗವಾಕ್ಷಗಳು ಅಲ್ಲಿ ಒಂದುಗೂಡಿದವು. ಮುಂದೆ ಗಾಥಿಕ್ ಎಂದು ಹೆಸರಾದ ಶೈಲಿಯ ಆರಂಭವನ್ನು ಇಲ್ಲಿಯೇ ಗುರುತಿಸುವುದು ವಾಡಿಕೆ. ಈ ಕಾರ್ಯವನ್ನು ನಡೆಸಿದ ಮಠಾಧಿಪತಿ ಸುಜೆರರು ಕಟ್ಟಡವನ್ನು ಕಟ್ಟಿಸಿ ಸುಮ್ಮನಾಗಲಿಲ್ಲ. ಅದನ್ನು ಏಕೆ ಕಟ್ಟಿಸಿದೆವು, ಹೇಗೆ ಕಟ್ಟಿಸಿದೆವು ಎಂಬುದನ್ನು ಲತೀನ್ ಭಾಷೆಯಲ್ಲಿ ಬರೆದಿಟ್ಟರು. ಆ ಬರಹಗಳಿಲ್ಲದಿದ್ದರೆ ಹೊಸ ಶೈಲಿಯ ಹಿಂದಿದ್ದ ಚಿಂತನೆಯನ್ನು ಇಂದು ನಾವು ಕೇವಲ ಊಹಿಸಬೇಕಾಗುತ್ತಿತ್ತು.

ಪ್ಯಾರಿಸಿನ ಧರ್ಮಾಧ್ಯಕ್ಷ ಮೋರಿಸ್ ದ ಸುಲ್ಲಿಯವರು 1163ರಲ್ಲಿ ನೋತ್ರ್ ದಾಮಿನ ಕೆಲಸವನ್ನು ಆರಂಭಿಸಿದರು. ಬಡ ಕುಟುಂಬದಲ್ಲಿ ಹುಟ್ಟಿ, ವಿದ್ಯೆಯ ಬಲದಿಂದಲೇ ಆ ಪೀಠಕ್ಕೇರಿದ ಮಹನೀಯರು ಅವರು. ಜನಸಾಮಾನ್ಯರ ಫ್ರೆಂಚ್ ನುಡಿಯಲ್ಲಿ ಉಳಿದುಬಂದಿರುವ ಅತ್ಯಂತ ಹಳೆಯ ಪ್ರಬೋಧನೆಗಳ ಸಂಗ್ರಹಗಳಲ್ಲಿ ಅವರ ಹೆಸರಿನದೂ ಒಂದು. ಹೀಗೆ ಕಲ್ಲು ಜೋಡಿಸಲು ಹೊರಟ ಕೈಗೆ ಮಾತು ಜೋಡಿಸುವ ಕಲೆಯೂ ಒಲಿದಿತ್ತು. 1182ರಲ್ಲಿ ಪ್ರಧಾನ ಬಲಿಪೀಠದ ಪ್ರತಿಷ್ಠೆ ನೆರವೇರಿತು. ಪಶ್ಚಿಮದ ಜೋಡಿ ಗೋಪುರಗಳು ಮುಗಿಯುವ ವೇಳೆಗೆ ಹದಿಮೂರನೆಯ ಶತಮಾನದ ನಡುಗಾಲ ಬಂದಿತ್ತು. ದೇವಾಲಯದ ಉದ್ದ ಸುಮಾರು 128 ಮೀಟರು, ಗೋಪುರಗಳ ಎತ್ತರ 69 ಮೀಟರು. ಗೋಡೆಗಳನ್ನು ಹೊರಗಿನಿಂದ ಕಲ್ಲಿನ ತೋಳುಗಳು ಒತ್ತಿ ಹಿಡಿದಿರುವುದರಿಂದ ಒಳಗೆ ದಪ್ಪ ಗೋಡೆಗಳ ಅಗತ್ಯ ತಪ್ಪಿತು. ಕಲ್ಲಿನ ಜಾಗವನ್ನು ಬೆಳಕು ಪಡೆಯಿತು.

ಇಷ್ಟು ಎತ್ತರದ, ಇಷ್ಟು ಉದ್ದದ ಕಲ್ಲಿನ ಮಂಟಪದೊಳಗೆ ಶಬ್ದದ ವರ್ತನೆಯೇ ಬೇರೆ. ಹಾಡುವವನು ಬಾಯಿ ಮುಚ್ಚಿದ ಮೇಲೂ ಹಲವು ಸೆಕೆಂಡುಗಳ ಕಾಲ ಸ್ವರವು ಚಾವಣಿಯ ಕೆಳಗೆ ತೂಗುತ್ತಿರುತ್ತದೆ. ಅವಸರದ ಮಾತು ಅಲ್ಲಿ ಕಲಸಿಹೋಗುತ್ತದೆ. ನಿಧಾನದ ಸ್ವರ ಮೈತುಂಬಿಕೊಳ್ಳುತ್ತದೆ. ಒಂದು ಸ್ವರ ಅಡಗುವ ಮುನ್ನವೇ ಮತ್ತೊಂದು ಬಂದು ಅದರೊಡನೆ ಸೇರುತ್ತದೆ. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನದನ್ನು ನೋಡಬೇಕು.

ಹಾಡಿದವರು

ಅದುವರೆಗೆ ಪಶ್ಚಿಮದ ಧರ್ಮಸಭೆಯ ಆರಾಧನೆಯಲ್ಲಿ ಮುಖ್ಯವಾಗಿದ್ದುದು ಒಂದೇ ಧಾಟಿಯ ಗ್ರೆಗೋರಿಯನ್ ಗಾನ. ಎಷ್ಟು ಮಂದಿ ಹಾಡಿದರೂ ಎಲ್ಲರೂ ಹಾಡುವುದು ಒಂದೇ ರಾಗರೇಖೆಯನ್ನು. ಅದರ ಜೊತೆಗೆ ಎರಡನೆಯ ಧಾಟಿಯೊಂದನ್ನು ಹೆಣೆಯುವ ಪ್ರಯೋಗಗಳು ಹಲವು ಕಡೆ ನಡೆದಿದ್ದವು. ಆದರೆ ಆ ಪ್ರಯೋಗವು ವಿಸ್ತಾರವಾದ, ಕ್ರಮಬದ್ಧವಾದ ಕಲೆಯಾಗಿ ಬೆಳೆದದ್ದು ನೋತ್ರ್ ದಾಮಿನಲ್ಲಿ, ಅದೂ ಕಟ್ಟಡ ಮೇಲೇಳುತ್ತಿದ್ದ ದಶಕಗಳಲ್ಲಿಯೇ. ಕಟ್ಟಡವೇ ಈ ಸಂಗೀತವನ್ನು ಹೆತ್ತಿತೆಂದರೆ ಅತಿಶಯೋಕ್ತಿಯಾದೀತು. ಆದರೆ ಎರಡೂ ಒಂದೇ ಅಂಗಳದಲ್ಲಿ ಒಟ್ಟಿಗೆ ಬೆಳೆದ ಒಡಹುಟ್ಟುಗಳೆನ್ನಲು ಅಡ್ಡಿಯಿಲ್ಲ.

ಆ ಸಂಗೀತದ ಬಗೆ ಹೀಗೆ: ಹಳೆಯ ಗ್ರೆಗೋರಿಯನ್ ಧಾಟಿಯ ಒಂದೊಂದು ಸ್ವರವನ್ನೂ ಒಬ್ಬ ಗಾಯಕ ದೀರ್ಘವಾಗಿ ಹಿಡಿದು ನಿಲ್ಲುತ್ತಾನೆ. ಅದರ ಮೇಲೆ ಇನ್ನೊಂದು ಧ್ವನಿ, ಆಮೇಲೆ ಎರಡು, ಮೂರು ಧ್ವನಿಗಳು ಚುರುಕಾಗಿ ಸಂಚರಿಸುತ್ತವೆ. ನಮ್ಮ ಸಂಗೀತವನ್ನು ಬಲ್ಲವರು ತಂಬೂರಿಯ ಶ್ರುತಿಯನ್ನೂ ಅದರ ಮೇಲೆ ಹರಿಯುವ ಆಲಾಪನೆಯನ್ನೂ ನೆನೆಸಿಕೊಳ್ಳಬಹುದು. ಒಂದು ವ್ಯತ್ಯಾಸವುಂಟು. ಇಲ್ಲಿನ ಆಧಾರ ಸ್ವರ ಕೊನೆಯವರೆಗೂ ಒಂದೇ ಆಗಿರದೆ, ಮೂಲ ಗೀತೆಯನ್ನು ಅನುಸರಿಸಿ ಬಹಳ ನಿಧಾನವಾಗಿ ಒಂದರಿಂದ ಇನ್ನೊಂದಕ್ಕೆ ಸರಿಯುತ್ತದೆ. ಒಂದು ಪದದ ಮೊದಲ ಅಕ್ಷರವೇ ಬಹಳ ಹೊತ್ತು ನಿಲ್ಲುವುದುಂಟು. ಕೆಳಗೆ ಕದಲದ ಕಂಬ, ಮೇಲೆ ಕವಲೊಡೆದು ಹಬ್ಬುವ ಏಣುಗಳು ಎಂಬ ಹೋಲಿಕೆ ಕೇಳುಗನ ಮನಸ್ಸಿಗೆ ತಾನಾಗಿಯೇ ಬರುತ್ತದೆ.

ಈ ಸಂಗೀತಗಾರರ ಹೆಸರುಗಳು ನಮಗೆ ತಿಳಿದುಬಂದದ್ದೂ ಒಂದು ಬರಹದ ದೆಸೆಯಿಂದಲೇ. ಹದಿಮೂರನೆಯ ಶತಮಾನದ ಉತ್ತರಾರ್ಧದಲ್ಲಿ ಒಬ್ಬ ಲೇಖಕ ಪ್ಯಾರಿಸಿನ ಸಂಗೀತವನ್ನು ಕುರಿತು ಬರೆದ ಗ್ರಂಥವೊಂದು ಉಳಿದುಕೊಂಡಿದೆ. ಅವನು ಇಂಗ್ಲೆಂಡಿನವನೆಂದು ವಿದ್ವಾಂಸರ ಅಭಿಪ್ರಾಯ. ಅವನ ಹೆಸರು ಮಾತ್ರ ಉಳಿದಿಲ್ಲ. ಲೆಯೋನಿನ್ ಎಂಬ ಆಚಾರ್ಯರು ವರ್ಷದ ಹಬ್ಬಗಳಿಗೆಲ್ಲ ಹೊಂದುವಂತೆ ಈ ಗಾನಗಳ ಮಹಾಗ್ರಂಥವನ್ನು ರಚಿಸಿದರೆಂದೂ, ಪೆರೋತಿನ್ ಎಂಬವರು ಅದನ್ನು ಪರಿಷ್ಕರಿಸಿದರೆಂದೂ ಅವನು ಹೇಳುತ್ತಾನೆ. ಈ ಲೆಯೋನಿನರು ಪ್ರಧಾನಾಲಯದ ಪುರೋಹಿತ ಮಂಡಳಿಯ ಲೆಯೋನಿಯುಸ್ ಎಂಬ ಕವಿಯೇ ಎಂದು ಕ್ರೇಗ್ ರೈಟ್ ಎಂಬ ವಿದ್ವಾಂಸರು 1986ರಲ್ಲಿ ವಾದಿಸಿದರು. ಆ ಕವಿ ಹಳೆಯ ಒಡಂಬಡಿಕೆಯ ಮೊದಲ ಎಂಟು ಗ್ರಂಥಗಳನ್ನು ಸುಮಾರು 14,000 ಸಾಲುಗಳ ಲತೀನ್ ಕಾವ್ಯವಾಗಿ ಬರೆದವರು. ಈ ವಾದವನ್ನು ಒಪ್ಪುವುದಾದರೆ, ಹೊಸ ಸಂಗೀತದ ಮೊದಲ ಆಚಾರ್ಯರು ಹೊಸ ದೇವಾಲಯದ ನಿವಾಸಿಯೂ ಹೌದು, ಛಂದೋಬದ್ಧ ಮಹಾಕಾವ್ಯದ ಕರ್ತೃವೂ ಹೌದು.

ಇದು ಕಾಕತಾಳೀಯವೆಂದು ತೋರುವುದಿಲ್ಲ. ಹಲವು ಧ್ವನಿಗಳು ಏಕಕಾಲಕ್ಕೆ ಬೇರೆಬೇರೆ ಧಾಟಿಗಳನ್ನು ಹಾಡಬೇಕಾದರೆ ಕಾಲದ ಅಳತೆ ಬೇಕು. ಅದುವರೆಗಿನ ಸ್ವರಲಿಪಿಯಲ್ಲಿ ಸ್ವರದ ಏರಿಳಿತ ಬರೆಯಲಾಗುತ್ತಿತ್ತೇ ಹೊರತು ಅದರ ಅವಧಿಯನ್ನು ನಿಖರವಾಗಿ ಸೂಚಿಸುತ್ತಿರಲಿಲ್ಲ. ನೋತ್ರ್ ದಾಮಿನ ಸಂಗೀತಗಾರರು ದೀರ್ಘ ಮತ್ತು ಹ್ರಸ್ವ ಎಂಬ ಎರಡು ಅಳತೆಗಳನ್ನು ಬಗೆಬಗೆಯಾಗಿ ಜೋಡಿಸಿ ಲಯದ ಆರು ಮಾದರಿಗಳನ್ನು ರೂಢಿಸಿಕೊಂಡರು. ದೀರ್ಘದ ಮುಂದೆ ಹ್ರಸ್ವ ಬಂದರೆ ಒಂದು, ಹ್ರಸ್ವದ ಮುಂದೆ ದೀರ್ಘ ಬಂದರೆ ಇನ್ನೊಂದು, ಒಂದು ದೀರ್ಘಕ್ಕೆ ಎರಡು ಹ್ರಸ್ವಗಳು ಸೇರಿದರೆ ಮತ್ತೊಂದು. ಕನ್ನಡ ಛಂದಸ್ಸಿನ ಗುರು ಲಘುಗಳನ್ನೂ ಗಣಗಳನ್ನೂ ಶಾಲೆಯಲ್ಲಿ ಪ್ರಸ್ತಾರ ಹಾಕಿದ ನಮ್ಮ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾವ್ಯದ ಗಣವಿಭಾಗಕ್ಕೆ ಹತ್ತಿರವಾದ ಕ್ರಮವೇ ಅಲ್ಲಿ ಸಂಗೀತದ ಗಣಿತವಾಯಿತು. ಕಲ್ಲುಕುಟಿಗನು ಅಳತೆಗೋಲಿನಿಂದ ಮಾಡಿದ್ದನ್ನು ಗಾಯಕನು ಗುರು ಲಘುಗಳಿಂದ ಮಾಡಿದನು.

ಧರ್ಮಾಧ್ಯಕ್ಷ ಓದೋ ದ ಸುಲ್ಲಿಯವರು 1198 ಮತ್ತು 1199ರಲ್ಲಿ ಹೊರಡಿಸಿದ ಆಜ್ಞೆಗಳಲ್ಲಿ ಕ್ರಿಸ್ತಜಯಂತಿಯ ಸುತ್ತಲಿನ ಹಬ್ಬಗಳಂದು ಇಂಥ ಬಹುಧ್ವನಿ ಗಾನಕ್ಕೆ ಸ್ಥಾನ ಕೊಟ್ಟಿದ್ದಾರೆ. ಪೆರೋತಿನರ ನಾಲ್ಕು ಧ್ವನಿಗಳ ಎರಡು ಪ್ರಸಿದ್ಧ ರಚನೆಗಳು ಅದೇ ಋತುವಿನ ಹಬ್ಬಗಳಿಗೆ ಸಂಬಂಧಿಸಿದವು. ಈ ಮಹಾಗ್ರಂಥದ ಮುಖ್ಯ ಪ್ರತಿಗಳು ಈಗ ಪ್ಯಾರಿಸಿನಲ್ಲಿಲ್ಲ. ಫ್ಲಾರೆನ್ಸ್, ವುಲ್ಫನ್‌ಬ್ಯೂಟೆಲ್, ಮ್ಯಾಡ್ರಿಡ್ ಎಂಬ ದೂರದ ಊರುಗಳ ಗ್ರಂಥಭಂಡಾರಗಳಲ್ಲಿವೆ. ಬರಹವು ಊರು ಬಿಟ್ಟು ಹೊರಟುಹೋದದ್ದರಿಂದಲೇ ಸಂಗೀತ ಉಳಿಯಿತು. ವಚನಕಾರರು ನಮಗೆ ಪರಿಚಯಿಸಿದ ಸ್ಥಾವರ, ಜಂಗಮ ಎಂಬ ಎರಡು ಮಾತುಗಳ ಅರ್ಥ ಇಂಥ ಕಡೆ ಮತ್ತೊಮ್ಮೆ ಹೊಳೆಯುತ್ತದೆ.

ಬರೆದವರು

ಸ್ಥಾವರಕ್ಕೆ ಬರುವ ಆಪತ್ತು ನೋತ್ರ್ ದಾಮಿಗೂ ಬಂದಿತು. ಹದಿನೆಂಟನೆಯ ಶತಮಾನದ ಕೊನೆಯ ವೇಳೆಗೆ ಅದರ ನಡುಶಿಖರವು ಶಿಥಿಲವಾಗಿ ಅದನ್ನು ಕಳಚಿಹಾಕಲಾಗಿತ್ತು. ಫ್ರೆಂಚ್ ಮಹಾಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ಅದನ್ನು ವಿಚಾರದೇವತೆಯ ಮಂದಿರವೆಂದು ಘೋಷಿಸಲಾಯಿತು. ಮುಖಭಾಗದಲ್ಲಿ ಸಾಲಾಗಿ ನಿಂತಿದ್ದ ಯೂದ ನಾಡಿನ 28 ಅರಸರ ಮೂರ್ತಿಗಳನ್ನು ಫ್ರಾನ್ಸಿನ ಅರಸರೆಂದು ಬಗೆದು ಜನರು ಕೆಡವಿ ತಲೆ ಕಡಿದರು. ಆ ತಲೆಗಳಲ್ಲಿ 21 ತಲೆಗಳು 1977ರಲ್ಲಿ ಅದೇ ನಗರದ ನೆಲದಡಿಯಲ್ಲಿ ದೊರೆತವು. ಗಂಟೆಗಳಲ್ಲಿ ಬಹುಪಾಲು ಕುಲುಮೆಗೆ ಹೋದವು. ಇಮ್ಮಾನುವೇಲ್ ಎಂಬ ಮಹಾಘಂಟೆ ಉಳಿಯಿತು. 1802ರಲ್ಲಿ ಆರಾಧನೆ ಮತ್ತೆ ಆರಂಭವಾಯಿತಾದರೂ ಕಟ್ಟಡದ ಸ್ಥಿತಿ ಕರುಣಾಜನಕವಾಗಿತ್ತು. ಹಳೆಯ ಗಾಥಿಕ್ ಕಟ್ಟಡಗಳನ್ನು ಕೆಡವಿ ಕಲ್ಲು ಮಾರುವುದು ಆ ದಿನಗಳಲ್ಲಿ ಅಪರೂಪವೇನೂ ಆಗಿರಲಿಲ್ಲ.

ಈ ಸ್ಥಿತಿಯಲ್ಲಿ ದೇವಾಲಯದ ನೆರವಿಗೆ ಬಂದದ್ದು ಒಂದು ಕಾದಂಬರಿ. ವಿಕ್ಟರ್ ಹ್ಯೂಗೋ 1831ರ ಮಾರ್ಚಿಯಲ್ಲಿ 'ನೋತ್ರ್ ದಾಮ್ ದ ಪಾರಿ' ಎಂಬ ಕೃತಿಯನ್ನು ಪ್ರಕಟಿಸಿದನು. 1482ರಲ್ಲಿ ನಡೆಯುವ ಆ ಕಥೆಯ ನಾಯಕ ಯಾರೆಂದು ಕೇಳಿದರೆ ಅನೇಕರು ಗೂನುಬೆನ್ನಿನ ಘಂಟಾವಾದಕ ಕ್ವಾಸಿಮೋದೋ ಎನ್ನುತ್ತಾರೆ. ನಿಜವಾದ ನಾಯಕ ದೇವಾಲಯವೇ ಎಂದು ನಮ್ಮ ಅಭಿಪ್ರಾಯ. ಕ್ವಾಸಿಮೋದೋ ತಾನು ಪ್ರೀತಿಸಿ ಬಾರಿಸಿದ ಗಂಟೆಗಳಿಂದಲೇ ಕಿವುಡನಾದವನು. ಜಗತ್ತಿನ ಶಬ್ದಗಳಲ್ಲಿ ಅವನಿಗೆ ಇನ್ನೂ ಕೇಳಿಸುವುದು ಆ ಗಂಟೆಗಳೇ. ಕಟ್ಟಡವನ್ನೂ ನಾದವನ್ನೂ ಒಬ್ಬ ಮನುಷ್ಯನ ಮೈಯಲ್ಲಿ ಹೀಗೆ ಒಂದುಗೂಡಿಸಿದ ಪಾತ್ರ ವಿಶ್ವಸಾಹಿತ್ಯದಲ್ಲಿ ವಿರಳ.

1832ರ ಆವೃತ್ತಿಯಲ್ಲಿ ಹ್ಯೂಗೋ ಒಂದು ಪ್ರಸಿದ್ಧ ಅಧ್ಯಾಯವನ್ನು ಸೇರಿಸಿದನು. ಮನುಕುಲವು ತನ್ನ ಹಿರಿದಾದ ಆಲೋಚನೆಗಳನ್ನು ಕಲ್ಲಿನಲ್ಲಿ ಬರೆದಿಡುತ್ತಿತ್ತು, ಮುದ್ರಣಯಂತ್ರ ಬಂದ ಮೇಲೆ ಆ ಕೆಲಸ ಕಾಗದಕ್ಕೆ ವರ್ಗವಾಯಿತು, ಆದುದರಿಂದ ವಾಸ್ತುಶಿಲ್ಪ ಕ್ಷೀಣಿಸುವುದು ಅನಿವಾರ್ಯ ಎಂಬುದು ಅಲ್ಲಿನ ವಾದದ ಸಾರಾಂಶ. ಓದುಬರಹ ಅರಿಯದ ಜನರಿಗೆ ದ್ವಾರದ ಶಿಲ್ಪಗಳೂ ಗವಾಕ್ಷದ ಚಿತ್ರಗಳೂ ಧರ್ಮಗ್ರಂಥವಾಗಿದ್ದವು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಪುಸ್ತಕವು ದೇವಾಲಯವನ್ನು ಕೊಲ್ಲುತ್ತದೆಂಬ ಅವನ ವಾದವನ್ನು ಅವನ ಪುಸ್ತಕವೇ ಸುಳ್ಳು ಮಾಡಿತು. ಕಾದಂಬರಿಯನ್ನು ಓದಿದ ಜನ ಕಟ್ಟಡವನ್ನು ಹೊಸ ಕಣ್ಣಿನಿಂದ ನೋಡಿದರು. ಲೋಕಾಭಿಪ್ರಾಯ ಬದಲಾಯಿತು. 1844ರಲ್ಲಿ ಜೀರ್ಣೋದ್ಧಾರಕ್ಕಾಗಿ ಲಾಸ್ಯು ಮತ್ತು ವಿಯೊಲೆ ಲೆ ದ್ಯುಕ್ ಎಂಬ ಶಿಲ್ಪಿಗಳನ್ನು ಆರಿಸಲಾಯಿತು. ಮರುವರ್ಷ ಸರಕಾರವು ಹಣ ಮಂಜೂರು ಮಾಡಿತು. 96 ಮೀಟರು ಎತ್ತರದ ಹೊಸ ಶಿಖರ ಎದ್ದಿತು. 1864ರಲ್ಲಿ ದೇವಾಲಯದ ಪ್ರತಿಷ್ಠಾವಿಧಿ ಜರುಗಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳುವುದು ಉಚಿತ. ಈ ಕಾದಂಬರಿಯನ್ನು ಧರ್ಮಸಭೆಯು 1834ರಲ್ಲಿ ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿಸಿತ್ತು. ಆ ಪಟ್ಟಿಯೇ 1966ರಲ್ಲಿ ರದ್ದಾಯಿತು. ದೇವಾಲಯವನ್ನು ಉಳಿಸಲು ದೇವರು ಯಾರ ಲೇಖನಿಯನ್ನು ಬಳಸುತ್ತಾನೆಂಬುದನ್ನು ನಾವು ಮೊದಲೇ ಬಲ್ಲೆವೆಂದು ಭಾವಿಸಬಾರದು.

ಹಾಡು ಕರೆದ ಕವಿ

ಸಾಹಿತ್ಯವು ಕಟ್ಟಡಕ್ಕೆ ಸಲ್ಲಿಸಿದ ಋಣವನ್ನು ಕಟ್ಟಡವು ಸಂಗೀತದ ಮೂಲಕ ಸಾಹಿತ್ಯಕ್ಕೆ ಹಿಂದಿರುಗಿಸಿದ ಸಂದರ್ಭವೂ ಉಂಟು. 1886ರ ಕ್ರಿಸ್ತಜಯಂತಿಯಂದು ಹದಿನೆಂಟು ವರ್ಷದ ತರುಣನೊಬ್ಬ ನೋತ್ರ್ ದಾಮಿಗೆ ಬಂದನು. ಅವನಿಗೆ ಆಗ ದೈವವಿಶ್ವಾಸವಿರಲಿಲ್ಲ. ಬರವಣಿಗೆಗೆ ಏನಾದರೂ ಸಾಮಗ್ರಿ ದೊರೆತೀತೆಂಬ ಆಸೆಯಿಂದ ಬಂದವನು ಅವನು. ಬೆಳಗಿನ ಪೂಜೆ ಅವನ ಮೇಲೆ ಅಷ್ಟೇನೂ ಪರಿಣಾಮ ಬೀರಲಿಲ್ಲ. ಬೇರೆ ಕೆಲಸವಿಲ್ಲದ್ದರಿಂದ ಸಂಜೆಯ ಪ್ರಾರ್ಥನೆಗೆ ಮತ್ತೆ ಬಂದು ಗರ್ಭಾಂಗಣದ ಪ್ರವೇಶದ ಬಳಿ, ಬಲಗಡೆಯ ಎರಡನೆಯ ಕಂಬದ ಹತ್ತಿರ ನಿಂತನು. ಬಾಲಕರ ಗಾನವೃಂದವು ಮರಿಯಮ್ಮನವರ ಸ್ತುತಿಗೀತೆಯನ್ನು ಹಾಡುತ್ತಿತ್ತು. ಆ ಒಂದು ಕ್ಷಣದಲ್ಲಿ ತನ್ನ ಹೃದಯ ವಿಶ್ವಾಸಕ್ಕೆ ತೆರೆಯಿತೆಂದು ಅವನು ಮುಂದೆ ಬರೆದುಕೊಂಡನು. ಫ್ರೆಂಚ್ ಸಾಹಿತ್ಯದ ಮಹಾಕವಿಗಳಲ್ಲಿಯೂ ನಾಟಕಕಾರರಲ್ಲಿಯೂ ಒಬ್ಬನೆನಿಸಿದ ಪಾಲ್ ಕ್ಲೋದೆಲ್ ಈ ತರುಣ. ಅವನು ಮತ್ತೆ ಪರಮಪ್ರಸಾದವನ್ನು ಸ್ವೀಕರಿಸಲು ಇನ್ನೂ ನಾಲ್ಕು ವರ್ಷ ಹಿಡಿಯಿತು. ಆ ಕಂಬದ ಬಳಿ ಈ ಘಟನೆಯ ಸ್ಮಾರಕ ಫಲಕವನ್ನು ನೆಲದಲ್ಲಿ ಕೂರಿಸಲಾಗಿದೆ.

ಆ ಬಾಲಕರ ಹೆಸರುಗಳನ್ನು ಯಾರೂ ಬಲ್ಲವರಿಲ್ಲ. ಅವರು ಎಂದಿನಂತೆ ಹಬ್ಬದ ಸಂಜೆಯ ಗೀತೆಯನ್ನು ಹಾಡಿ ಮನೆಗೆ ಹೋದರು. ಕಂಬದ ಬಳಿ ಯಾರು ನಿಂತಿದ್ದರೆಂಬುದು ಅವರಿಗೆ ತಿಳಿಯದು. ಗಾನವೃಂದದಲ್ಲಿ ಹಾಡುವ ನಮ್ಮ ಯುವಕ ಯುವತಿಯರು ಈ ಪ್ರಸಂಗವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಬೆಂಕಿ, ಮೌನ, ಮರಳಿ ಹಾಡು

2019ರ ಏಪ್ರಿಲ್ 15ರಂದು, ಪವಿತ್ರ ವಾರದ ಸೋಮವಾರ ಸಂಜೆ, ನೋತ್ರ್ ದಾಮಿನ ಚಾವಣಿಗೆ ಬೆಂಕಿ ಬಿದ್ದಿತು. ಮಧ್ಯಯುಗದ ಓಕ್ ಮರದ ತೊಲೆಗಳ ಸಮೂಹ ಉರಿದುಹೋಯಿತು; ಶಿಖರ ಮುರಿದು ಒಳಕ್ಕೆ ಬಿದ್ದಿತು. ಜನರು ನದಿಯ ದಡದಲ್ಲಿ, ಬೀದಿಗಳಲ್ಲಿ ಮೊಣಕಾಲೂರಿ ಮಾತೆಯ ಸ್ತೋತ್ರವನ್ನು ಹಾಡಿದರು. ಮರುದಿನಗಳಲ್ಲಿ ಹ್ಯೂಗೋನ ಕಾದಂಬರಿಯನ್ನು ಕೊಳ್ಳಲು ಫ್ರಾನ್ಸಿನ ಜನ ಮುಗಿಬಿದ್ದರು. ಕಲ್ಲು ಬಿರಿದ ಹೊತ್ತಿನಲ್ಲಿ ಮನುಷ್ಯರು ಆಸರೆಗಾಗಿ ಕೈ ಚಾಚಿದ್ದು ಹಾಡಿನ ಕಡೆಗೆ ಮತ್ತು ಪುಸ್ತಕದ ಕಡೆಗೆ.

ಪುನರ್ನಿರ್ಮಾಣದಲ್ಲಿಯೂ ಈ ನಂಟು ಕೆಲಸ ಮಾಡಿತು. 2013ರಲ್ಲಿ ಸಂಗೀತ ಕಾರ್ಯಕ್ರಮವೊಂದರ ಸಂದರ್ಭದಲ್ಲಿ ಶಬ್ದವಿಜ್ಞಾನಿಗಳು ದೇವಾಲಯದೊಳಗಿನ ಅನುರಣನವನ್ನು ಅಳೆದಿಟ್ಟಿದ್ದರು. ಬೆಂಕಿಯ ನಂತರ ಅಳೆದಾಗ ಅನುರಣನ ಕುಗ್ಗಿರುವುದು ಕಂಡುಬಂದಿತು. ಗೋಡೆಗಳ ಅಳತೆಯಂತೆ ನಾದದ ಅಳತೆಯನ್ನೂ ಪಾರಂಪರಿಕ ಆಸ್ತಿಯೆಂದು ಎಣಿಸುವ ಕಾಲ ಹೀಗೆ ಬಂದಿತು. ಕವಾಯೆ ಕೋಲ್ ಎಂಬ ಮಹಾಶಿಲ್ಪಿಯು 1868ರಲ್ಲಿ ಪುನಾರಚಿಸಿದ ಮಹಾ ಆರ್ಗನ್ ವಾದ್ಯ ಪವಾಡವೆಂಬಂತೆ ಬೆಂಕಿಯಿಂದ ಪಾರಾಗಿತ್ತು. ಹೆಚ್ಚುಕಡಿಮೆ ಅಂಧರಾಗಿದ್ದ ಲೂಯಿ ವಿಯೆರ್ನ್ 1900ರಿಂದ ನುಡಿಸುತ್ತ ಬಂದು, 1937ರ ಜೂನ್ 2ರಂದು ಕಛೇರಿಯ ನಡುವೆಯೇ ಪ್ರಾಣಬಿಟ್ಟದ್ದು ಈ ವಾದ್ಯದ ಮುಂದೆ. ಅದರ ಸುಮಾರು 8,000 ಕೊಳವೆಗಳ ಮೇಲೆ ಕವಿದಿದ್ದ ಸೀಸದ ಧೂಳನ್ನು ತೆಗೆದು, ಒಂದೊಂದನ್ನೂ ಮತ್ತೆ ಶ್ರುತಿಗೊಳಿಸಲಾಯಿತು. ಚಾವಣಿಗೆ ಹೊಸ ಓಕ್ ತೊಲೆಗಳನ್ನು ಬಡಗಿಗಳು ಹಳೆಯ ರೀತಿಯಲ್ಲಿ ಕೊಡಲಿಯಿಂದಲೇ ಕೆತ್ತಿ ಕೂರಿಸಿದರು.

2024ರ ಡಿಸೆಂಬರ್ 7ರಂದು ಮಹಾಧರ್ಮಾಧ್ಯಕ್ಷರು ಸುಟ್ಟ ಚಾವಣಿಯಿಂದ ಉಳಿದ ಮರದ ದಂಡವನ್ನು ಹಿಡಿದು ಮುಚ್ಚಿದ ಬಾಗಿಲನ್ನು ತಟ್ಟಿದರು. ಒಳಗಿನಿಂದ ಉತ್ತರವಾಗಿ ಬಂದದ್ದು ಕೀರ್ತನೆಯ ಗಾನ. ಆಮೇಲೆ ಅವರು ಆರ್ಗನ್ ವಾದ್ಯವನ್ನು ಎಚ್ಚರಗೊಳ್ಳೆಂದು ಎಂಟು ಬಾರಿ ಕರೆದರು. ಎಂಟು ಬಾರಿಯೂ ಅದು ನಾದದಿಂದ ಓಗೊಟ್ಟಿತು. ಮರುದಿನ ಬಲಿಪೂಜೆ ಮತ್ತೆ ಆರಂಭವಾಯಿತು. ಕಟ್ಟಡ ಪೂರ್ಣವಾಯಿತೆಂದು ಸಾರಿದ್ದು ಕಲ್ಲಲ್ಲ, ಕಂಠ.

ನಮ್ಮ ನಾಡಿಗೆ ಬಂದರೆ

ನೋತ್ರ್ ದಾಮಿನ ನಗರಕ್ಕೂ ಕನ್ನಡ ನಾಡಿಗೂ ಹಳೆಯ ನಂಟಿದೆ. ಮೈಸೂರು ಸೀಮೆಯಲ್ಲಿ ದುಡಿದು ಜನರಿಂದ ದೊಡ್ಡ ಸ್ವಾಮಿ ಎನಿಸಿಕೊಂಡ ಅಬ್ಬೆ ದುಬುವಾ 1823ರಲ್ಲಿ ಭಾರತದಿಂದ ಹೊರಟು ಪ್ಯಾರಿಸಿಗೆ ಮರಳಿದರು. 1848ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿನ ವಿದೇಶ ಮಿಷನ್ ಸಂಸ್ಥೆಯ ಗುರುಮಠದಲ್ಲಿದ್ದರು. ಹ್ಯೂಗೋನ ಕಾದಂಬರಿ ಹೊರಬಂದದ್ದು ಈ ಅವಧಿಯಲ್ಲಿಯೇ. ಆ ಶತಮಾನದಲ್ಲಿ ಯುರೋಪಿನಲ್ಲಿ ಮರುಹುಟ್ಟು ಪಡೆದ ಗಾಥಿಕ್ ಶೈಲಿ ಮಿಷನರಿಗಳೊಡನೆ ನಮ್ಮಲ್ಲಿಗೂ ಬಂದಿತು. 1882ರಲ್ಲಿ ಪ್ರತಿಷ್ಠೆಗೊಂಡ ಬೆಂಗಳೂರಿನ ಸಂತ ಮರಿಯಮ್ಮನವರ ಬೆಸಿಲಿಕ, 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರವಿಟ್ಟ ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯ ಇದಕ್ಕೆ ಸಾಕ್ಷಿ. ಶೈಲಿ ಹೊರಗಿನದು, ಕೆತ್ತಿದ ಕೈಗಳು, ಹಾಡಿದ ಕಂಠಗಳು ನಮ್ಮವು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ದೈವಾರಾಧನೆಯಲ್ಲಿ ಜನಭಾಷೆಗೆ ಬಾಗಿಲು ತೆರೆಯಿತು; ಆಯಾ ಜನರ ಸಂಗೀತ ಪರಂಪರೆಗೆ ಗೌರವ ಸಲ್ಲಬೇಕೆಂದೂ ಹೇಳಿತು. ಅಂದಿನಿಂದ ಚೂಪು ಕಮಾನುಗಳ ಕೆಳಗೆ ಹಾರ್ಮೋನಿಯಂ, ತಬಲಗಳೊಡನೆ ಕನ್ನಡ ಗೀತೆಗಳು ಮೊಳಗುತ್ತಿವೆ.

ಆ ಗೀತೆಗಳಲ್ಲಿ ಎಷ್ಟಕ್ಕೆ ಕರ್ತೃವಿನ ಹೆಸರು ಉಳಿದಿದೆ? ಹಳೆಯ ಧಾಟಿಗಳಲ್ಲಿ ಎಷ್ಟನ್ನು ಸ್ವರಲಿಪಿಯಲ್ಲಿ ಬರೆದಿಟ್ಟಿದ್ದೇವೆ? ಗೋಪುರಕ್ಕೆ ಸುಣ್ಣ ಬಳಿಯಲು ನಾವು ಮನೆಮನೆಗೆ ಹೋಗಿ ಚಂದಾ ಎತ್ತುತ್ತೇವೆ. ಹಾಡಿನ ಕೈಬರಹದ ಪುಸ್ತಕವೊಂದು ಅಟ್ಟದ ಮೇಲೆ ಹಾಳಾಗುತ್ತಿದ್ದರೆ ಕೇಳುವವರಿಲ್ಲ. ಹಿರಿಯ ಗಾಯಕರೊಬ್ಬರು ತೀರಿಕೊಂಡರೆ ಅವರ ಬಾಯಲ್ಲಿದ್ದ ಧಾಟಿಗಳೂ ಅವರೊಡನೆ ಮಣ್ಣು ಸೇರುತ್ತವೆ. ಲೆಯೋನಿನರ ಹೆಸರನ್ನು ಉಳಿಸಿದ್ದು ಒಬ್ಬ ಅನಾಮಧೇಯನ ಬರಹವೆಂಬುದನ್ನು ಇಲ್ಲಿ ನೆನೆಯಬೇಕು. ಪ್ರತಿ ಧರ್ಮಕೇಂದ್ರದಲ್ಲಿಯೂ ಅಂಥ ಒಬ್ಬ ಬರೆಯುವವನಿದ್ದರೆ ಸಾಕು.

ಆದುದರಿಂದ ಈ ಶತಮಾನೋತ್ಸವದ ವರ್ಷದಲ್ಲಿ ಕಟ್ಟಡದ ಜೀರ್ಣೋದ್ಧಾರದೊಡನೆ ಹಾಡುಗಳ, ಕೈಬರಹಗಳ, ಹಿರಿಯರ ನೆನಪುಗಳ ಸಂಗ್ರಹಕಾರ್ಯವೂ ನಡೆಯಲೆಂದು ನಾವು ಹಾರೈಸುತ್ತೇವೆ. ಹಿರಿಯರ ಮನೆಗಳಿಗೆ ಹೋಗಿ ಕುಳಿತು, ಅವರು ಹಾಡಿದ್ದನ್ನು ಕೇಳಿ, ಬರೆದುಕೊಳ್ಳುವ ಕೆಲಸವದು. ಅದಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ಆದರೆ ಅದನ್ನು ಮುಂದಿನ ವರ್ಷಕ್ಕೆ ಮುಂದೂಡುವಂತಿಲ್ಲ.